ಕಡೆಯ ಗದ್ದೆಗೂ ಬೆಳಕು

ಮಧ್ಯಪ್ರದೇಶದ ಇಂದೋರು ನಗರದಲ್ಲಿ ಸುತ್ತಳತೆ ೧೭೨ ಮೀಟರಿಗಿಂತ ತುಸು ಹೆಚ್ಚಾಗಿರುವ ಒಂದು ಉಂಗುರವಿದೆ. ಅದು ಲೋಹದ ಕೊಳವೆಯ ಉಂಗುರ. ಕೊಳವೆಯೊಳಗಿನ ಗಾಳಿಯನ್ನು ಸಾಧ್ಯವಾದಷ್ಟೂ ಹೊರಗೆಳೆದು, ಆ ನಿರ್ವಾತದಲ್ಲಿ ಎಲೆಕ್ಟ್ರಾನುಗಳನ್ನು ಓಡಿಸುತ್ತಾರೆ. ಅವುಗಳ ವೇಗ ಬೆಳಕಿನ ವೇಗಕ್ಕೆ ಕೂದಲೆಳೆಯಷ್ಟೇ ಕಡಿಮೆ. ಸೆಕೆಂಡೊಂದಕ್ಕೆ ಸುಮಾರು ೧೭ ಲಕ್ಷ ಸುತ್ತು. ‘ಇಂಡಸ್-೨’ ಎಂಬ ಈ ಯಂತ್ರ ೨೦೦೫ರ ಕೊನೆಯಲ್ಲಿ ಮೊದಲ ಬೆಳಕನ್ನು ಕೊಟ್ಟಿತು. ಅದೇ ಡಿಸೆಂಬರಿನಲ್ಲಿ, ಯಂತ್ರವನ್ನು ಕಟ್ಟಿದ ಸಂಸ್ಥೆಗೆ ರಾಜಾ ರಾಮಣ್ಣ ಪ್ರಗತ ತಂತ್ರಜ್ಞಾನ ಕೇಂದ್ರವೆಂದು ನಾಮಕರಣವಾಯಿತು. ರಾಮಣ್ಣನವರು ಹುಟ್ಟಿದುದು ೧೯೨೫ರ ಜನವರಿ ೨೮ರಂದು, ನಮ್ಮ ತಿಪಟೂರಿನಲ್ಲಿ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ವಿದ್ಯಾರ್ಥಿಗಳಿಗೆ ಇದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಹೆಮ್ಮೆಪಟ್ಟು ಸುಮ್ಮನಾಗುವುದು ವಿಜ್ಞಾನದ ರೀತಿಯಲ್ಲ. ಅಂಥ ಬೆಳಕು ಯಾರಿಗೆ ತಲಪಬೇಕು? ಅದಕ್ಕಿಂತ ಪ್ರಖರವಾದ ಯಂತ್ರ ಬೇಕೆಂದು ನಮ್ಮ ವಿಜ್ಞಾನಿಗಳು ಹಲವು ವರ್ಷಗಳಿಂದ ಕೇಳುತ್ತಿದ್ದಾರೆ; ಅದನ್ನು ನಮ್ಮ ದೇಶ ಒಂಟಿಯಾಗಿ ಕಟ್ಟಬೇಕೇ, ನೆರೆಯ ದೇಶಗಳೊಡನೆ ಕೂಡಿ ಕಟ್ಟಬೇಕೇ? ಕೂಡಿಯೇ ಕಟ್ಟಬೇಕೆಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಯಂತ್ರದ ಸ್ವಭಾವವನ್ನು ತಿಳಿಯೋಣ. ಮಚ್ಚನ್ನು ಸಾಣೆ ಹಿಡಿಯುವಾಗ ತಿರುಗುವ ಕಲ್ಲಿನಿಂದ ಕಿಡಿಗಳು ಹಾರುವುದನ್ನು ಎಲ್ಲರೂ ನೋಡಿದ್ದಾರೆ. ಕಿಡಿಗಳು ಕಲ್ಲನ್ನು ಸುತ್ತುವುದಿಲ್ಲ; ಅದರ ಅಂಚಿನಿಂದ ಸ್ಪರ್ಶರೇಖೆಯ ದಿಕ್ಕಿನಲ್ಲಿ ನೇರವಾಗಿ ಸಿಡಿಯುತ್ತವೆ. ಸಿಂಕ್ರೊಟ್ರಾನಿನ ಬೆಳಕು ಹೊರಡುವ ಬಗೆಯೂ ಹೆಚ್ಚುಕಡಿಮೆ ಹೀಗೆಯೇ. ನೇರವಾಗಿ ಓಡುವುದು ಎಲೆಕ್ಟ್ರಾನಿನ ಸಹಜಗತಿ. ಪ್ರಬಲವಾದ ಅಯಸ್ಕಾಂತಗಳಿಂದ ಅದರ ದಾರಿಯನ್ನು ಬಾಗಿಸಿದರೆ, ಬಾಗಿದ ಕಡೆಯಲ್ಲೆಲ್ಲ ಅದು ತನ್ನ ಶಕ್ತಿಯ ಒಂದಂಶವನ್ನು ಬೆಳಕಾಗಿ ಮುಂದಕ್ಕೆ ಚೆಲ್ಲುತ್ತದೆ. ೧೯೪೭ರಲ್ಲಿ, ಅಮೆರಿಕದ ಸ್ಕೆನೆಕ್ಟಡಿ ಎಂಬ ಊರಿನಲ್ಲಿ, ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಶಾಲೆಯಲ್ಲಿ ಈ ಬೆಳಕು ಮೊದಲ ಬಾರಿಗೆ ಕಣ್ಣಿಗೆ ಬಿತ್ತು. ಪರಮಾಣುವಿನ ಒಳಗನ್ನು ಅರಿಯುವುದಕ್ಕಾಗಿ ಇಂಥ ಯಂತ್ರಗಳನ್ನು ಕಟ್ಟುತ್ತಿದ್ದವರಿಗೆ ಅದು ನಷ್ಟದ ಬಾಬತ್ತು. ಕಷ್ಟಪಟ್ಟು ತುಂಬಿದ ಶಕ್ತಿ ಸೋರಿಹೋಗುತ್ತಿತ್ತು. ಆ ಸೋರಿಕೆಯೇ ಬಹು ಉಪಯುಕ್ತವಾದ ವಸ್ತುವೆಂಬುದು ಅನಂತರ ತಿಳಿಯಿತು. ಅವಕೆಂಪಿನಿಂದ ಕ್ಷ-ಕಿರಣದವರೆಗೆ ಬೇಕಾದ ಬಣ್ಣದ ಬೆಳಕನ್ನು ಅದರಿಂದ ಆರಿಸಿಕೊಳ್ಳಬಹುದು. ಆಸ್ಪತ್ರೆಯ ಕ್ಷ-ಕಿರಣಕ್ಕೆ ಹೋಲಿಸಿದರೆ ಅದು ಲಕ್ಷಾಂತರ ಪಾಲು ಉಜ್ವಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ದೂರದರ್ಶಕದಲ್ಲಿ ಒಂದು ಸಮಯಕ್ಕೆ ಒಂದು ದಿಕ್ಕನ್ನು ಮಾತ್ರ ನೋಡಬಹುದು. ಸಿಂಕ್ರೊಟ್ರಾನ್ ಹಾಗಲ್ಲ. ಉಂಗುರದ ಬಾಗುಗಳಲ್ಲೆಲ್ಲ ಬೆಳಕು ಏಕಕಾಲದಲ್ಲಿ ಹೊರಚೆಲ್ಲುತ್ತದೆ. ಬಾಗಿಗೊಂದೊಂದು ಕಿಂಡಿ ಮಾಡಿ, ಕಿಂಡಿಯಿಂದ ಹೊರಬಂದ ಕಿರಣವನ್ನು ಕೊಳವೆಯೊಂದರಲ್ಲಿ ಪ್ರಯೋಗದ ಕೊಠಡಿಗೆ ಕರೆದೊಯ್ಯಬಹುದು. ಇದಕ್ಕೆ ಕಿರಣಮಾರ್ಗವೆನ್ನೋಣ. ಇಂಡಸ್-೨ರಲ್ಲಿ ಇಂಥ ೨೦ಕ್ಕೂ ಹೆಚ್ಚು ಮಾರ್ಗಗಳಿಗೆ ಎಡೆಯಿದೆ. ಒಂದು ಮಾರ್ಗದಲ್ಲಿ ಉಕ್ಕಿನ ಪರೀಕ್ಷೆ ನಡೆಯುತ್ತಿರುವಾಗ ಮತ್ತೊಂದರಲ್ಲಿ ಔಷಧದ ಪರೀಕ್ಷೆ ನಡೆಯಬಹುದು; ಒಬ್ಬರು ತೆಗೆದುಕೊಂಡದ್ದರಿಂದ ಇನ್ನೊಬ್ಬರ ಪಾಲು ಕಡಿಮೆಯಾಗದು. ಕಿಂಡಿ ಮಾಡದ ಕಡೆ ಚೆಲ್ಲುವ ಬೆಳಕು ಕೊಳವೆಯ ಗೋಡೆಗೆ ಬಡಿದು ಶಾಖವಾಗಿ, ಆ ಗೋಡೆಯನ್ನು ತಂಪುಮಾಡಲು ಹರಿಸುವ ನೀರಿನಲ್ಲಿ ಕೊಚ್ಚಿಹೋಗುತ್ತದೆ. ಎಂದರೆ, ಈ ಯಂತ್ರ ಸ್ವಭಾವತಃ ಹಂಚಿಕೊಳ್ಳತಕ್ಕದ್ದು. ಹಂಚಿಕೊಳ್ಳದಿದ್ದರೆ ಉಳಿತಾಯವಾಗುವುದು ಏನೂ ಇಲ್ಲ. ವ್ಯರ್ಥವಾಗುವುದು ಮಾತ್ರ ಬಹಳ.

ಇದರಿಂದ ತೆಂಗಿನ ನಾಡಿಗೆ ಆಗುವುದೇನೆಂದು ಕೇಳುವವರುಂಟು. ಕೇಳಬೇಕಾದ ಪ್ರಶ್ನೆಯೇ. ತೆಂಗಿನ ತಿರುಳಿನಲ್ಲಿ ಶೇಖರವಾಗುವ ಮುಖ್ಯವಾದ ಪ್ರೋಟೀನೊಂದಕ್ಕೆ ಕೊಕೊಸಿನ್ ಎಂದು ಹೆಸರು. ಕೆಲವರ ಮೈಗೆ ತೆಂಗು ಒಗ್ಗದಿರುವುದಕ್ಕೆ ಅದೂ ಕಾರಣವಿರಬಹುದು. ಅದನ್ನು ಸ್ಫಟಿಕವಾಗಿಸಿ, ಸ್ಫಟಿಕದ ಮೂಲಕ ಕ್ಷ-ಕಿರಣ ಹಾಯಿಸಿ, ಅಣುವಿನ ಆಕಾರವನ್ನು ಬಿಡಿಸಿ ಬರೆದವರು ೨೦೧೭ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಅವರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ತಂಡವೂ ಒಂದು. ಹಗ್ಗ ಹೊಸೆಯುವ ನಾರಿನ ವಿಷಯವನ್ನು ನೋಡಿ. ತೆಂಗಿನ ನಾರು ಎಳೆದರೆ ಹಿಗ್ಗುತ್ತದೆ, ಹತ್ತಿಯ ಎಳೆ ಅಷ್ಟು ಹಿಗ್ಗದು. ನಾರಿನೊಳಗಿನ ಸೆಲ್ಯುಲೋಸಿನ ಸೂಕ್ಷ್ಮ ತಂತುಗಳು ನೆಟ್ಟಗೆ ನಿಂತಿರದೆ, ದೊಡ್ಡ ಕೋನದಲ್ಲಿ ಸುರುಳಿಯಾಗಿ ಸುತ್ತಿಕೊಂಡಿರುವುದೇ ಇದಕ್ಕೆ ಕಾರಣವೆಂಬುದನ್ನು ತೋರಿಸಿಕೊಟ್ಟದ್ದು ಕ್ಷ-ಕಿರಣ. ಚಿಕ್ಕನಾಯಕನಹಳ್ಳಿಯ ಕಡೆ ಕಬ್ಬಿಣ ಮತ್ತು ಮ್ಯಾಂಗನೀಸಿನ ಅದಿರು ಇದೆ. ಅಂಥ ಮಣ್ಣಿನಲ್ಲಿ ಕಬ್ಬಿಣ ಎಷ್ಟಿದೆಯೆಂಬುದನ್ನು ಸಾಧಾರಣ ಮಣ್ಣುಪರೀಕ್ಷೆಯೇ ಹೇಳುತ್ತದೆ. ಆದರೆ ಅದು ಯಾವ ರೂಪದಲ್ಲಿದೆ, ಬೇರಿಗೆ ದಕ್ಕುವ ರೂಪದಲ್ಲಿದೆಯೇ, ಯಾವುದಕ್ಕೆ ಅಂಟಿಕೊಂಡಿದೆ ಎಂಬುದನ್ನು ಪರಮಾಣುವಿನ ಮಟ್ಟದಲ್ಲಿ ಓದಿ ಹೇಳಲು ಸಿಂಕ್ರೊಟ್ರಾನಿನ ಬೆಳಕು ಬಹಳ ಸಮರ್ಥವಾದ ಸಾಧನ. ತೆಂಗು ಪೊಟ್ಯಾಸಿಯಮ್ಮನ್ನೂ ಕ್ಲೋರಿನ್ನನ್ನೂ ಹೇರಳವಾಗಿ ಬೇಡುವ ಮರ. ಗರಿಯ ತುಂಡೊಂದರಲ್ಲಿ ಅವು ಎಲ್ಲೆಲ್ಲಿ ಹರಡಿವೆಯೆಂಬುದರ ನಕ್ಷೆಯನ್ನು ಅದೇ ಬೆಳಕಿನಿಂದ ತೆಗೆಯಬಹುದು.

ಇಂಥ ಯಂತ್ರ ನಾಳೆಯೇ ಕೊಬ್ಬರಿಯ ಬೆಲೆಯನ್ನು ಏರಿಸೀತೆಂದು ನಾವು ಹೇಳುವುದಿಲ್ಲ. ಮೂಲವಿಜ್ಞಾನದ ಫಲ ಬಹುಕಾಲ ಕಾದವರಿಗೆ ದೊರೆಯುವಂಥದು. ಜೀವಕೋಶದಲ್ಲಿ ಪ್ರೋಟೀನುಗಳನ್ನು ತಯಾರಿಸುವ ರೈಬೊಸೋಮಿನ ರಚನೆಯನ್ನು ತಿಳಿಯಲು ಹಲವು ದೇಶಗಳ ಸಿಂಕ್ರೊಟ್ರಾನುಗಳು ಬೇಕಾದುವು. ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್, ಅಮೆರಿಕದ ಥಾಮಸ್ ಸ್ಟೈಟ್ಸ್, ಇಸ್ರೇಲಿನ ಅದಾ ಯೋನತ್ ಈ ಮೂವರು ಆ ಕಾರ್ಯಕ್ಕಾಗಿ ೨೦೦೯ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಹಲವು ಜೀವಾಣುನಾಶಕ ಔಷಧಗಳು ರೋಗಾಣುವಿನ ರೈಬೊಸೋಮನ್ನು ಹೇಗೆ ತಡೆಯುತ್ತವೆಂಬುದು ಆ ರಚನೆಯಿಂದ ಸ್ಪಷ್ಟವಾಯಿತು.

ಈಗ ನೆರೆಹೊರೆಯ ಮಾತಿಗೆ ಬರೋಣ. ತೆಂಗಿನ ಕಾಯಿಯನ್ನು ಕಾಡುವ ನುಸಿಯನ್ನು ವಿಜ್ಞಾನಿಗಳು ೧೯೬೫ರಲ್ಲಿ ಮೊದಲು ವರ್ಣಿಸಿದುದು ಮೆಕ್ಸಿಕೊ ದೇಶದ ಮಾದರಿಯಿಂದ. ೧೯೯೦ರ ದಶಕದ ಕೊನೆಯ ವೇಳೆಗೆ ಅದು ಶ್ರೀಲಂಕಾ, ಕೇರಳ, ಕರ್ನಾಟಕಗಳಲ್ಲಿ ಕಾಣಿಸಿಕೊಂಡು ಬೆಳೆಗಾರರ ಎದೆಯೊಡೆಯಿತು. ಕಣ್ಣಿಗೆ ಕಾಣದಷ್ಟು ಸಣ್ಣದಾದ ಆ ಪ್ರಾಣಿ ಯಾವ ಗಡಿಯಲ್ಲೂ ರಹದಾರಿಯನ್ನು ತೋರಿಸಲಿಲ್ಲ. ಕೇರಳದ ತೆಂಗಿನ ತೋಟಗಳನ್ನು ೧೯ನೆಯ ಶತಮಾನದ ಉತ್ತರಾರ್ಧದಿಂದ ಪೀಡಿಸುತ್ತಿರುವ ಬೇರುಸೊರಗು ರೋಗಕ್ಕೆ ಫೈಟೊಪ್ಲಾಸ್ಮ ಎಂಬ ಅತಿಸೂಕ್ಷ್ಮ ಜೀವಿ ಕಾರಣ. ೨೦೦೬ರಲ್ಲಿ ಶ್ರೀಲಂಕೆಯ ವೆಲಿಗಾಮದಲ್ಲಿ ಕಾಣಿಸಿಕೊಂಡ ಎಲೆಸೊರಗು ರೋಗಕ್ಕೂ ಅದೇ ಜಾತಿಯ ಜೀವಿಯೇ ಕಾರಣ. ರೋಗಗಳು ನೆರೆಹೊರೆಯೆಲ್ಲವನ್ನೂ ಒಂದೇ ತೋಟವೆಂದು ಎಣಿಸುತ್ತಿರುವಾಗ, ಅವುಗಳನ್ನು ಅರಿಯಬೇಕಾದ ನಾವು ಬೇಲಿಯ ಈಚೆಯಿಂದಲೇ ನೋಡುತ್ತೇವೆಂದರೆ ಅರ್ಥವಿಲ್ಲ.

ನೆರೆಯ ದೇಶಗಳೊಡನೆ ಕೂಡಿ ಕೆಲಸ ಮಾಡುವುದು ನಮ್ಮ ರಾಜ್ಯಕ್ಕೆ ಹೊಸದೇನೂ ಅಲ್ಲ. ತೆಂಗಿನ ಬೀಜವನ್ನು ರಾಗಿಯಂತೆ ಒಣಗಿಸಿ ಕಣಜದಲ್ಲಿ ಕಾಪಾಡಲಾಗುವುದಿಲ್ಲ. ತಳಿಯನ್ನು ಉಳಿಸಬೇಕಾದರೆ ಮರವನ್ನೇ ಬೆಳೆಸಬೇಕು. ಜಗತ್ತಿನ ತೆಂಗಿನ ತಳಿಗಳನ್ನು ಹೀಗೆ ಉಳಿಸಲು ಏರ್ಪಡಿಸಿದ ಅಂತರರಾಷ್ಟ್ರೀಯ ತೋಟಗಳಲ್ಲಿ ದಕ್ಷಿಣ ಏಷ್ಯಕ್ಕೆ ಸೇರಿದ್ದು ಇರುವುದು ದಕ್ಷಿಣ ಕನ್ನಡ ಜಿಲ್ಲೆಯ ಕಿದು ಎಂಬಲ್ಲಿ. ೧೯೧೬ರಲ್ಲಿ ಕಾಸರಗೋಡಿನಲ್ಲಿ ಆರಂಭವಾದ ತೆಂಗಿನ ಸಂಶೋಧನ ಠಾಣೆಯೇ ಬೆಳೆದು ಆದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ೧೯೯೮ರ ಒಪ್ಪಂದದಂತೆ ಅದು ಅಂತರರಾಷ್ಟ್ರೀಯ ನಿಧಿಯಾಯಿತು. ಹಿಂದೂ ಮಹಾಸಾಗರದ ದ್ವೀಪಗಳಿಂದ ತಂದ ತಳಿಗಳು ಅಲ್ಲಿ ನಮ್ಮ ತಳಿಗಳ ಪಕ್ಕದಲ್ಲಿ ಬೇರುಬಿಟ್ಟಿವೆ. ನೆಲ ನಮ್ಮದು, ದುಡಿಮೆ ನಮ್ಮದು, ನಿಧಿ ಎಲ್ಲರದು. ಇದರಿಂದ ನಾವು ಬಡವರಾಗಲಿಲ್ಲ. ನಮ್ಮಲ್ಲಿ ಹುಟ್ಟದ ಗುಣಗಳುಳ್ಳ ಮರಗಳು ನಮ್ಮ ವಿಜ್ಞಾನಿಗಳ ಕೈಗೆಟುಕಿದುವು. ಮರಗಳ ವಿಷಯದಲ್ಲಿ ಸಾಧ್ಯವಾದುದು ಬೆಳಕಿನ ವಿಷಯದಲ್ಲಿ ಏಕೆ ಆಗಬಾರದು?

ಆಗುತ್ತದೆಂಬುದಕ್ಕೆ ಪಶ್ಚಿಮ ಏಷ್ಯದಲ್ಲಿ ದೃಷ್ಟಾಂತವಿದೆ. ಜರ್ಮನಿಯ ಬರ್ಲಿನ್ನಿನಲ್ಲಿ ಬೆಸಿ ಎಂಬ ಸಿಂಕ್ರೊಟ್ರಾನ್ ತನ್ನ ಕಾಲ ಮುಗಿಸಿ ನಿಲ್ಲಲಿತ್ತು. ಅದನ್ನು ಗುಜರಿಗೆ ಹಾಕುವ ಬದಲು ಪಶ್ಚಿಮ ಏಷ್ಯಕ್ಕೆ ಏಕೆ ಕೊಡಬಾರದೆಂದು ೧೯೯೭ರಲ್ಲಿ ಇಬ್ಬರು ವಿಜ್ಞಾನಿಗಳು, ಅಮೆರಿಕದ ಹರ್ಮನ್ ವಿನಿಕ್ ಮತ್ತು ಜರ್ಮನಿಯ ಗುಸ್ತಾಫ್ ಫಾಸ್, ಸಲಹೆಯಿತ್ತರು. ಜರ್ಮನಿ ಒಪ್ಪಿತು. ಯುನೆಸ್ಕೊ ಸಂಸ್ಥೆಯ ಆಶ್ರಯದಲ್ಲಿ ಹೊಸ ಕೇಂದ್ರವೊಂದಕ್ಕೆ ನಿಬಂಧನೆಗಳಾದುವು. ಜೋರ್ಡಾನ್ ದೇಶ ನೆಲ ಕೊಟ್ಟು ಕಟ್ಟಡ ಕಟ್ಟಿಸಿತು. ಕೇಂದ್ರಕ್ಕೆ ‘ಸೆಸಮಿ’ ಎಂದು ಹೆಸರು. ಇಂಗ್ಲಿಷಿನಲ್ಲಿ ಆ ಮಾತಿಗೆ ಎಳ್ಳೆಂದು ಅರ್ಥ. ಅಲಿಬಾಬನ ಕಥೆಯಲ್ಲಿ ಗುಹೆಯ ಬಾಗಿಲನ್ನು ತೆರೆಸುವ ಮಂತ್ರವೂ ಅದೇ. ಹಳೆಯ ಬರ್ಲಿನ್ ಯಂತ್ರವನ್ನು ಎಲೆಕ್ಟ್ರಾನುಗಳಿಗೆ ಮೊದಲ ವೇಗ ಕೊಡುವ ಘಟ್ಟವಾಗಿ ಬಳಸಿಕೊಂಡು, ಅದರಾಚೆಗೆ ೨೫೦ ಕೋಟಿ ಎಲೆಕ್ಟ್ರಾನ್ ವೋಲ್ಟುಗಳ ಹೊಸ ಉಂಗುರವನ್ನು ಕಟ್ಟಿದರು. ನಮ್ಮ ಇಂಡಸ್-೨ರ ಶಕ್ತಿಯೂ ಅಷ್ಟೇ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ೨೦೧೭ರ ಮೇ ೧೬ರಂದು ಸೆಸಮಿಯ ಉದ್ಘಾಟನೆಯಾದಾಗ ಅದರ ಸದಸ್ಯ ಪಟ್ಟಿಯಲ್ಲಿ ಇದ್ದವರು ಸೈಪ್ರಸ್, ಈಜಿಪ್ಟ್, ಇರಾನ್, ಇಸ್ರೇಲ್, ಜೋರ್ಡಾನ್, ಪಾಕಿಸ್ತಾನ, ಪ್ಯಾಲೆಸ್ಟೈನ್ ಮತ್ತು ತುರ್ಕಿ. ಇವರಲ್ಲಿ ಹಲವರು ಒಬ್ಬರ ಮುಖವನ್ನೊಬ್ಬರು ನೋಡದವರು. ಆದರೂ ಒಂದೇ ಆಡಳಿತ ಸಭೆಯಲ್ಲಿ ಕುಳಿತು ವಿದ್ಯುತ್ತಿನ ಖರ್ಚನ್ನೂ ಅಯಸ್ಕಾಂತಗಳ ಸರಬರಾಯಿಯನ್ನೂ ಚರ್ಚಿಸಿದರು.

ಈ ಕಥೆಯನ್ನು ಮಧುರವಾದ ಭಾಗವನ್ನಷ್ಟೇ ಆರಿಸಿ ಹೇಳುವುದು ಸರಿಯಲ್ಲ. ಸಲಹೆಯಿಂದ ಉದ್ಘಾಟನೆಗೆ ೨೦ ವರ್ಷಗಳು ಹಿಡಿದುವು. ತಿಪಟೂರಿನ ರೈತ ಉಂಡೆಕೊಬ್ಬರಿಗಾಗಿ ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿಟ್ಟು ಕಾಯುತ್ತಾನೆ. ಸೆಸಮಿಯವರು ಇಡೀ ಒಂದು ತಲೆಮಾರು ಕಾದರು. ಹಣದ ಕೊರತೆ ಅವರನ್ನು ಬಿಡಲಿಲ್ಲ. ೨೦೧೩ರ ಡಿಸೆಂಬರಿನಲ್ಲಿ ಹಿಮದ ಭಾರಕ್ಕೆ ಕಟ್ಟಡದ ಚಾವಣಿ ಕುಸಿಯಿತು. ಇರಾನಿನ ಮೇಲಿನ ಆರ್ಥಿಕ ನಿರ್ಬಂಧಗಳಿಂದ ಆ ದೇಶದ ಹಣ ಬಂದು ಸೇರುವುದೇ ದುಸ್ತರವಾಯಿತು. ಇವೆಲ್ಲಕ್ಕಿಂತ ದಾರುಣವಾದುದೆಂದರೆ, ಸೆಸಮಿಯ ಕೆಲಸದೊಡನೆ ಸಂಬಂಧವಿದ್ದ ಇರಾನಿನ ಇಬ್ಬರು ವಿಜ್ಞಾನಿಗಳು, ಮಸೂದ್ ಅಲಿಮೊಹಮ್ಮದಿ ಮತ್ತು ಮಜೀದ್ ಶಹರಿಯಾರಿ, ೨೦೧೦ರಲ್ಲಿ ತಮ್ಮ ದೇಶದಲ್ಲೇ ಬಾಂಬಿಗೆ ಬಲಿಯಾದುದು. ವಿಜ್ಞಾನ ತಾನೇ ಶಾಂತಿಯನ್ನು ತಂದುಕೊಡುತ್ತದೆಂದು ಹೇಳುವವರು ಈ ಸಂಗತಿಗಳನ್ನು ಮರೆಯಬಾರದು. ಅದು ತರುವುದು ಅದಕ್ಕಿಂತ ಸಣ್ಣದಾದ, ಆದರೆ ನಿಶ್ಚಿತವಾದ ಒಂದು ಲಾಭವನ್ನು: ಪರಸ್ಪರ ಅಪರಿಚಿತರಾಗಿಯೇ ಉಳಿಯುತ್ತಿದ್ದ ನೂರಾರು ತರುಣರು ಒಂದೇ ಕೆಲಸದಲ್ಲಿ ಕೈಗೂಡಿಸಿ, ಒಬ್ಬರ ಲೆಕ್ಕವನ್ನೊಬ್ಬರು ತಿದ್ದುವಷ್ಟು ಪರಿಚಿತರಾಗುತ್ತಾರೆ. ಜಗಳಗಳು ಮುಗಿದ ದಿನ ದೇಶಗಳಿಗೆ ಬೇಕಾಗುವವರು ಇಂಥವರೇ.

ನಮ್ಮ ದೇಶವೂ ಇತರರ ಬೆಳಕನ್ನು ಬಳಸಿದೆ. ಜಪಾನಿನ ಸುಕುಬಾ ನಗರದ ಸಿಂಕ್ರೊಟ್ರಾನಿನಲ್ಲಿ ಭಾರತ ಸರ್ಕಾರದ ನೆರವಿನಿಂದ ಭಾರತೀಯ ಕಿರಣಮಾರ್ಗವೊಂದು ಏರ್ಪಟ್ಟಿತು. ಇಟಲಿಯ ತ್ರಿಯೆಸ್ತೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಹಯೋಗದಿಂದ ಎರಡು ಮಾರ್ಗಗಳು ಸಿದ್ಧವಾದುವು. ಜರ್ಮನಿಯ ಹ್ಯಾಂಬರ್ಗಿನ ಯಂತ್ರವನ್ನು ಭಾರತೀಯರು ಬಳಸುವಂತೆ ಏರ್ಪಾಡು ಮಾಡುವ ಹೊಣೆಯನ್ನು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರವೂ ಹೊತ್ತಿತು. ಜಿನೀವಾದ ಬಳಿಯ ಸರ್ನ್ ಸಂಸ್ಥೆ, ಎರಡನೆಯ ಮಹಾಯುದ್ಧದಲ್ಲಿ ಒಬ್ಬರನ್ನೊಬ್ಬರು ಸುಟ್ಟ ಯೂರೋಪಿನ ದೇಶಗಳೇ ೧೯೫೪ರಲ್ಲಿ ಕೂಡಿ ಕಟ್ಟಿದ್ದು. ಅದರ ಮಹಾಯಂತ್ರದ ಅಯಸ್ಕಾಂತಗಳನ್ನು ಹೊತ್ತು ನಿಲ್ಲಿಸುವ ಸುಮಾರು ೭ ಸಾವಿರ ನಿಖರವಾದ ಆಧಾರಗಳು ಭಾರತದಲ್ಲಿ ತಯಾರಾಗಿ ಹೋದುವು. ಇಂದೋರಿನ ಕೇಂದ್ರ ಆ ಕಾರ್ಯದಲ್ಲಿ ಮುಂದಾಳಾಗಿತ್ತು. ಪಾಕಿಸ್ತಾನ ೨೦೧೫ರಲ್ಲಿ ಸರ್ನಿನ ಸಹಸದಸ್ಯ ದೇಶವಾಯಿತು, ಭಾರತ ೨೦೧೭ರಲ್ಲಿ. ಲಾಹೋರಿನ ವಿದ್ಯಾರ್ಥಿಯೂ ಬೆಂಗಳೂರಿನ ವಿದ್ಯಾರ್ಥಿಯೂ ಭೇಟಿಯಾಗಬೇಕಾದರೆ ಆಲ್ಪ್ಸ್ ಪರ್ವತದ ತಪ್ಪಲಿಗೆ ಹೋಗಬೇಕೆಂಬುದು ನಮ್ಮ ನೆರೆಹೊರೆಗೆ ಶೋಭೆಯಲ್ಲ.

ಇನ್ನೊಂದು ಕಾರಣವೂ ಉಂಟು. ೧೯೭೪ರಲ್ಲಿ ಪೋಖರಣದಲ್ಲಿ ನಡೆದ ಪರಮಾಣು ಸ್ಫೋಟದ ಮುಂದಾಳುಗಳಲ್ಲಿ ರಾಮಣ್ಣನವರು ಪ್ರಮುಖರು. ಆ ಸ್ಫೋಟದ ನಂತರ ಕೆನಡ ತನ್ನ ಸಹಕಾರವನ್ನು ನಿಲ್ಲಿಸಿತು. ಪರಮಾಣು ಸಾಮಗ್ರಿಯನ್ನು ಮಾರುವ ದೇಶಗಳು ಕೂಟ ಕಟ್ಟಿಕೊಂಡು ನಿಯಮಗಳನ್ನು ಬಿಗಿಗೊಳಿಸಿದುವು. ಆ ಸ್ಫೋಟ ಸರಿಯೇ ತಪ್ಪೇ ಎಂಬುದನ್ನು ಇಲ್ಲಿ ಚರ್ಚಿಸುವುದಿಲ್ಲ. ಆದರೆ ಮುಚ್ಚಿದ ಬಾಗಿಲಿನ ಹೊರಗೆ ನಿಲ್ಲುವುದು ಹೇಗಿರುತ್ತದೆಂಬುದನ್ನು ನಮ್ಮ ವಿಜ್ಞಾನಿಗಳು ಬಲ್ಲರು. ಹೊರಗಿನಿಂದ ಸಿಗದಿದ್ದುದನ್ನು ಅವರು ಇಲ್ಲಿಯೇ ಮಾಡುವುದನ್ನು ಕಲಿತರು. ಇಂದೋರಿನ ಉಂಗುರಗಳು ಆ ಸ್ವಾವಲಂಬನೆಯ ಕಾಲದ ಮಕ್ಕಳು. ೧೯೯೯ರಲ್ಲಿ ಸಿದ್ಧವಾದ ಇಂಡಸ್-೧ ಪುಟ್ಟದು. ಅದರ ಶಕ್ತಿ ೪೫ ಕೋಟಿ ಎಲೆಕ್ಟ್ರಾನ್ ವೋಲ್ಟುಗಳು. ಆರು ವರ್ಷಗಳಲ್ಲಿ ಅದಕ್ಕಿಂತ ಐದು ಪಟ್ಟಿಗೂ ಮಿಕ್ಕ ಶಕ್ತಿಯ ಇಂಡಸ್-೨ ಬಂತು. ಹೀಗೆ ಬಾಗಿಲಾಚೆ ನಿಂತು ಕಲಿತವರು, ಕಲಿತ ಮೇಲೆ ತಮ್ಮ ಬಾಗಿಲನ್ನು ನೆರೆಯವರಿಗೆ ತೆರೆದಿಟ್ಟರೆ ಸ್ವಾವಲಂಬನೆಗೆ ಕುಂದಿಲ್ಲ. ಕೊಡಬಲ್ಲವರಾದುದೇ ಅದರ ಸಾರ್ಥಕ್ಯ.

ಕೊಡುವುದರಲ್ಲಿಯೂ ಎರಡು 		ಬಗೆಯುಂಟು. ೨೦೧೭ರ ಮೇ ೫ರಂದು, ಎಂದರೆ ಸೆಸಮಿಯ ಉದ್ಘಾಟನೆಗೆ ಸರಿಯಾಗಿ ೧೧ ದಿನ ಮೊದಲು, ಭಾರತವು ದಕ್ಷಿಣ ಏಷ್ಯದ ಉಪಗ್ರಹವನ್ನು ಗಗನಕ್ಕೆ ಏರಿಸಿತು. ಅದು ನೆರೆಯವರಿಗೆ ನಮ್ಮ ಕಾಣಿಕೆ. ಔದಾರ್ಯದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಪಾಕಿಸ್ತಾನ ಅದರಿಂದ ದೂರ ಉಳಿಯಿತು. ಕಾಣಿಕೆಯಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ಸೆಸಮಿಯ ದಾರಿ ಬೇರೆ. ೨೦೧೨ರಲ್ಲಿ ಇರಾನ್, ಇಸ್ರೇಲ್, ಜೋರ್ಡಾನ್, ತುರ್ಕಿ ದೇಶಗಳು ತಲಾ ೫೦ ಲಕ್ಷ ಡಾಲರು ಕೊಡಲು ಒಪ್ಪಿದುವು. ಯೂರೋಪಿನ ಒಕ್ಕೂಟ ಅಯಸ್ಕಾಂತಗಳಿಗಾಗಿ ೫೦ ಲಕ್ಷ ಯೂರೊ ಕೊಟ್ಟಿತು. ತನ್ನ ಹಣ ಹಾಕಿದವನು ಸಭೆಗೆ ಬರುತ್ತಾನೆ, ಲೆಕ್ಕ ಕೇಳುತ್ತಾನೆ, ಯಂತ್ರ ಕೆಟ್ಟರೆ ತಳಮಳಗೊಳ್ಳುತ್ತಾನೆ. ನಮ್ಮ ಮುಂದಿನ ಉಂಗುರ ಕಾಣಿಕೆಯಾಗಬಾರದು, ಪಾಲುಗಾರಿಕೆಯಾಗಬೇಕು. ಶ್ರೀಲಂಕಾ, ನೇಪಾಳ, ಬಾಂಗ್ಲಾದೇಶ ಮೊದಲಾದ ದೇಶಗಳು ತಮ್ಮ ಶಕ್ತಿಗೆ ತಕ್ಕಷ್ಟು ಹಣ ಹಾಕಲಿ. ಹಣವಿಲ್ಲದವರು ಕಿರಣಮಾರ್ಗವೊಂದನ್ನು ನಡೆಸುವ ಜನರನ್ನು ಕೊಡಲಿ. ಆಡಳಿತ ಸಭೆಯಲ್ಲಿ ಎಲ್ಲರಿಗೂ ಆಸನವಿರಲಿ. ಬರಲೊಲ್ಲದವರಿಗೂ ಒಂದು ಆಸನವನ್ನು ಖಾಲಿ ಇಟ್ಟಿರೋಣ.

ಇದಕ್ಕೆ ಆಕ್ಷೇಪಣೆಗಳು ಹುಟ್ಟುವುದು ಸಹಜ. ಕುಡಿಯುವ ನೀರಿಗೆ ಪರದಾಡುವ ಹಳ್ಳಿಗಳಿರುವಾಗ ಇಷ್ಟು ದುಬಾರಿಯ ಯಂತ್ರವೇಕೆಂಬುದು ಮೊದಲನೆಯದು. ಈ ಆಕ್ಷೇಪಣೆ ಬಲವಾದುದು. ಹಾಗೆಂದೇ ನಾವು ಹಂಚಿಕೆಯನ್ನು ಹೇಳುತ್ತಿರುವುದು. ವೆಚ್ಚವನ್ನು ಹಲವರು ಹೊತ್ತರೆ ಒಬ್ಬೊಬ್ಬರ ಹೊರೆ ಇಳಿಯುತ್ತದೆ; ಬಳಸುವವರು ಹೆಚ್ಚಿದಷ್ಟೂ ಗೋಡೆಗೆ ಬಡಿದು ಹಾಳಾಗುವ ಬೆಳಕು ಕಡಿಮೆಯಾಗುತ್ತದೆ. ವಿದ್ಯುತ್ತಿನ ಬಾಬಿನಲ್ಲೂ ಸೆಸಮಿ ದಾರಿ ತೋರಿಸಿದೆ. ಅವರು ೨೦೧೯ರಲ್ಲಿ ತಮ್ಮದೇ ಸೌರವಿದ್ಯುತ್ ಕ್ಷೇತ್ರವನ್ನು ಆರಂಭಿಸಿ ಯಂತ್ರದ ಖರ್ಚನ್ನು ಇಳಿಸಿಕೊಂಡರು. ನಮ್ಮ ತುಮಕೂರು ಜಿಲ್ಲೆಯ ಪಾವಗಡದ ಬಯಲಿನಲ್ಲಿ ದೇಶಕ್ಕೇ ಹೆಸರಾದ ಸೌರವಿದ್ಯುತ್ ಕ್ಷೇತ್ರವಿರುವಾಗ ನಮಗೆ ಈ ಪಾಠ ಕಷ್ಟವಾಗದು.

ಎರಡನೆಯದು ರಕ್ಷಣೆಯ ಮಾತು. ಇಂದೋರಿನ ಕೇಂದ್ರ ಪರಮಾಣು ಶಕ್ತಿ ಇಲಾಖೆಗೆ ಸೇರಿದ್ದು. ಅಂಥ ಕಡೆ ಪರದೇಶದವರನ್ನು ನಿರಾತಂಕವಾಗಿ ಬಿಡಲಾಗದೆಂಬುದು ಒಪ್ಪತಕ್ಕ ಮಾತೇ. ಹೀಗಿರುವಲ್ಲಿ ಹೊಸ ಯಂತ್ರವನ್ನು ಬೇರೊಂದು ಆವರಣದಲ್ಲಿ, ವಿಶ್ವವಿದ್ಯಾನಿಲಯದಂತೆ ಸ್ವತಂತ್ರವಾಗಿ, ತನ್ನದೇ ನಿಬಂಧನೆಗಳೊಡನೆ ಕಟ್ಟುವುದು ಮೇಲು. ಸಿಂಕ್ರೊಟ್ರಾನಿನ ಬೆಳಕಿನಿಂದ ಬಾಂಬು ಮಾಡುವುದಕ್ಕಾಗದು. ಅಲ್ಲಿಯ ಫಲಿತಾಂಶಗಳು ಪತ್ರಿಕೆಗಳಲ್ಲಿ ಅಚ್ಚಾಗಿ ಎಲ್ಲರ ಕಣ್ಣಿಗೆ ಬೀಳುವಂಥವು. ವೈರಿಗಳೊಡನೆ ಸಹಕಾರ ಹೇಗೆ ಸಾಧ್ಯವೆಂದು ಕೇಳುವವರಿಗೆ ಸೆಸಮಿಯ ಸದಸ್ಯರ ಪಟ್ಟಿಯನ್ನು ಮತ್ತೊಮ್ಮೆ ಓದಿರೆಂಬುದೇ ನಮ್ಮ ಉತ್ತರ.

ಇಷ್ಟಾದರೂ, ಹಂಚಿಕೆಯೆಂಬುದು ಒಳ್ಳೆಯ ಮನಸ್ಸಿನಿಂದಲೇ ನಡೆಯುವುದಿಲ್ಲವೆಂಬುದನ್ನು ಕೆರೆಯ ಕೆಳಗೆ ಬೇಸಾಯ ಮಾಡಿದವರೆಲ್ಲ ಬಲ್ಲರು. ನಮ್ಮ ಸೀಮೆಯ ಹಿರಿಯರು ಕೆರೆ ಕಟ್ಟಿಸಿ ಅಷ್ಟಕ್ಕೇ ಬಿಡಲಿಲ್ಲ, ನೀರುಗಂಟಿಯನ್ನೂ ನೇಮಿಸಿದರು. ತೂಬು ಯಾವಾಗ ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂಬ ಸರದಿಯನ್ನು ಅವನು ನೋಡಿಕೊಳ್ಳುತ್ತಿದ್ದ. ಅವನು ನಿಷ್ಪಕ್ಷಪಾತಿಯಾಗಿದ್ದ ಊರಿನಲ್ಲಿ ಅಚ್ಚುಕಟ್ಟಿನ ಕಡೆಯ ಗದ್ದೆಯೂ ಹಸಿರಾಗಿರುತ್ತಿತ್ತು. ತೂಬಿನ ಬಳಿಯ ಬಲಿಷ್ಠರ ಮಾತಿಗೆ ಅವನು ತಲೆಬಾಗಿದ ಊರಿನಲ್ಲಿ, ಕೆರೆ ತುಂಬಿದ್ದರೂ ಕಡೆಯ ಗದ್ದೆ ಒಣಗುತ್ತಿತ್ತು. ಸಿಂಕ್ರೊಟ್ರಾನಿನಲ್ಲಿಯೂ ಬೆಳಕಿಗೆ ಸರದಿಯುಂಟು. ಬಯಸುವವರು ತಮ್ಮ ಪ್ರಯೋಗದ ಉದ್ದೇಶವನ್ನೂ ಕ್ರಮವನ್ನೂ ಬರೆದು ಅರ್ಜಿ ಸಲ್ಲಿಸುತ್ತಾರೆ. ತಜ್ಞರ ಸಮಿತಿ ಅವನ್ನು ತೂಗಿ ಇಂತಿಷ್ಟು ಗಂಟೆಗಳೆಂದು ಹಂಚುತ್ತದೆ. ಆ ಸಮಿತಿಯೇ ನೀರುಗಂಟಿ. ಅದರಲ್ಲಿ ಎಲ್ಲ ಪಾಲುಗಾರ ದೇಶಗಳ ತಜ್ಞರಿರಬೇಕು. ಪ್ರಯೋಗದ ಯೋಗ್ಯತೆ ನಿರ್ಣಾಯಕವಾಗಬೇಕೇ ಹೊರತು ಅರ್ಜಿದಾರನ ರಹದಾರಿಯ ಬಣ್ಣವಲ್ಲ.

ಕಡೆಯ ಗದ್ದೆಗಳು ಪರದೇಶದಲ್ಲಿ ಮಾತ್ರ ಇಲ್ಲ. ಕೊಲಂಬೊ ಮತ್ತು ಕಠ್ಮಂಡುಗಳಂತೆಯೇ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳೂ ಈ ಅಚ್ಚುಕಟ್ಟಿನ ಕೊನೆಯಲ್ಲಿವೆ. ದೊಡ್ಡ ನಗರದ ಹೆಸರಾಂತ ಸಂಸ್ಥೆಯಲ್ಲಿರುವವರಿಗೆ ಅರ್ಜಿ ಬರೆಯುವ ವಿಧಾನವನ್ನು ಹೇಳಿಕೊಡುವ ಹಿರಿಯರು ಪಕ್ಕದ ಕೋಣೆಯಲ್ಲಿಯೇ ಇರುತ್ತಾರೆ. ತಾಲ್ಲೂಕು ಕೇಂದ್ರದ ಕಾಲೇಜಿನ ಅಧ್ಯಾಪಕರಿಗೆ ಅಂಥ ನೆರವಿಲ್ಲ. ಪ್ರಶ್ನೆ ಮಾತ್ರ ಅವರ ಬಳಿಯೇ ಇರುತ್ತದೆ: ತೆಂಗಿನ ಸುಳಿ ಏಕೆ ಒಣಗುತ್ತಿದೆ, ಈ ತೋಟದ ಮಣ್ಣಿಗೂ ಆ ತೋಟದ ಮಣ್ಣಿಗೂ ವ್ಯತ್ಯಾಸವೇನು? ಪ್ರಶ್ನೆ ಒಂದು ಕಡೆ, ಬೆಳಕು ಇನ್ನೊಂದು ಕಡೆ ಇರುವವರೆಗೆ ಎರಡರಿಂದಲೂ ಪೂರ್ಣ ಪ್ರಯೋಜನವಿಲ್ಲ. ಆದಕಾರಣ ನಾವು ಮುಖ್ಯವಾಗಿ ಎರಡು ಸಲಹೆಗಳನ್ನು ಮಾಡುತ್ತೇವೆ. ಒಂದು, ಈಗಿರುವ ಇಂದೋರಿನ ಯಂತ್ರದ ಸಮಯದಲ್ಲಿ ಸಣ್ಣದಾದರೂ ಗೊತ್ತಾದ ಪಾಲನ್ನು ಸಣ್ಣ ಊರಿನ ಕಾಲೇಜುಗಳಿಗೂ, ನೆರೆಯ ದೇಶದ ವಿಶ್ವವಿದ್ಯಾನಿಲಯಗಳೊಡನೆ ಜಂಟಿಯಾಗಿ ಮಾಡುವ ಪ್ರಯೋಗಗಳಿಗೂ ಮೀಸಲಿಡಬೇಕು. ಎರಡು, ಹೊಸ ಯಂತ್ರದ ಇಟ್ಟಿಗೆ ಇಡುವ ಮುಂಚೆಯೇ ಅದನ್ನು ಬಳಸುವ ಜನರನ್ನು ತಯಾರು ಮಾಡಬೇಕು. ಸೆಸಮಿಯವರು ಹೀಗೆಯೇ ಮಾಡಿದರು. ಅವರ ಉಂಗುರದಲ್ಲಿ ಎಲೆಕ್ಟ್ರಾನು ಓಡುವುದಕ್ಕೆ ಹಲವು ವರ್ಷಗಳ ಮೊದಲೇ ಸದಸ್ಯ ದೇಶಗಳ ತರುಣ ತರುಣಿಯರನ್ನು ಇತರ ದೇಶಗಳ ಯಂತ್ರಗಳಿಗೆ ಕಳುಹಿಸಿ ಕೆಲಸ ಕಲಿಸಿದ್ದರು.

ವಿದ್ಯಾರ್ಥಿಗಳು ಇದನ್ನೆಲ್ಲ ಸರ್ಕಾರಗಳಿಗೆ ಸೇರಿದ ವಿಷಯವೆಂದು ಬಿಡಬಾರದು. ಭೌತವಿಜ್ಞಾನದ ಪಾಠದಲ್ಲಿ ಕಾಂತಕ್ಷೇತ್ರದಲ್ಲಿ ಚಲಿಸುವ ವಿದ್ಯುತ್ಕಣದ ದಾರಿ ಬಾಗುತ್ತದೆಂಬ ಸೂತ್ರ ಬಂದಾಗ, ಅದು ಪರೀಕ್ಷೆಯ ಅಂಕಗಳಿಗೆ ಮಾತ್ರ ಸೇರಿದುದಲ್ಲವೆಂದು ನೆನೆಯಲಿ. ಇಂದೋರಿನ ಉಂಗುರವೂ ಜೋರ್ಡಾನಿನ ಉಂಗುರವೂ ಆ ಒಂದು ಸೂತ್ರದ ಮೇಲೆಯೇ ನಡೆಯುತ್ತವೆ. ತಮ್ಮ ತೋಟದಲ್ಲಿ, ಅಟ್ಟದಲ್ಲಿ, ಕೆರೆಯಂಗಳದಲ್ಲಿ ಕಂಡ ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಬೆಳಕಿನ ಸರದಿ ಬಂದಾಗ ಕೈಯಲ್ಲಿ ಪ್ರಶ್ನೆಯಿಲ್ಲದವನಿಗೆ ಬೆಳಕಿನಿಂದ ಉಪಯೋಗವಿಲ್ಲ. ಸರ್ಕಾರ ಉಂಗುರವನ್ನು ಕಟ್ಟಲಿ, ನೆರೆಯವರನ್ನು ಕರೆಯಲಿ, ನ್ಯಾಯವಂತನಾದ ನೀರುಗಂಟಿಯನ್ನು ನೇಮಿಸಲಿ. ಗದ್ದೆಯನ್ನು ಉತ್ತು ಹದಮಾಡಿಡುವ ಕೆಲಸ ನಮ್ಮದು. ಅದಕ್ಕೆ ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.